ಮಾವ ಸರಿಮಾಡಿದ ರೇಸ್ ಸೈಕಲ್ಲು

ತೀರ್ಥಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ಸಜ್ಜನರು. ವಾರದಿಂದೀಚೆಗೆ ಅವರ ಕಾಂಪೌಂಡಿನ ಕಡೆಯಿಂದ ಸೀಮೆಎಣ್ಣೆಯ ಮತ್ತು ಪಂಕ್ಚರ್ ಸಲ್ಯೂಷನ್ನಿನ ವಾಸನೆ ಬರುತ್ತಿದೆ. ಇಣುಕಿ ನೋಡಿದರೆ, ಗುಜರಿಯಲ್ಲಿ ಸಿಕ್ಕ ಹಳೆಯ ರೇಸ್ ಸೈಕಲ್ಲೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದಾರೆ. “ವಿಂಟೇಜ್ ಮೇಡಂ, ವಿಂಟೇಜ್” ಎಂದರು. ನಮ್ಮ ಕಾಲದಲ್ಲಿ ಇದನ್ನು ಡಕೋಟ ಎನ್ನುತ್ತಿದ್ದರು. ಹೆಸರು ಇಂಗ್ಲಿಷಿಗೆ ತಿರುಗಿದರೆ ತುಕ್ಕಿಗೂ ಮರ್ಯಾದೆ ಬರುತ್ತದೆ. ನಗು ತಡೆದುಕೊಂಡು ಒಳಗೆ ಬಂದೆ. ಆದರೆ ಆ ವಾಸನೆ ಬಿಡಬೇಕಲ್ಲ, ನನ್ನನ್ನು ಅರವತ್ತರ ದಶಕದ ಹೊಸನಗರಕ್ಕೆ, ನನ್ನ ಸೋದರಮಾವನ ಮನೆಯ ಜಗುಲಿಗೆ ಎಳೆದುಕೊಂಡು ಹೋಯಿತು. ನಿಮಗೂ ಪುರುಸೊತ್ತಿದ್ದರೆ ಬನ್ನಿ. ಕಾಲಿಡುವಾಗ ಮಾತ್ರ ನೋಡಿಕೊಂಡು ಇಡಿ, ಬೇರಿಂಗಿನ ಗುಂಡುಗಳು ಉರುಳಿ ಬಿದ್ದಿರುತ್ತವೆ.

ಆಗ ನಾನು ಹೊಸನಗರದ ಪ್ರೈಮರಿ ಶಾಲೆಯಲ್ಲಿ ಟೀಚರು, ಇನ್ನೂ ಮದುವೆಯಾಗದವಳು. ಮಾವನ ಮನೆಯಲ್ಲೇ ವಾಸ. ಮಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ. ಅಷ್ಟೇಕೆ, ಅತ್ತೆ ಏನು ಕೇಳಿದರೂ ‘ಬೇಡ’ ಎಂದವರೇ ಅಲ್ಲ. ಇದಕ್ಕಾಗಿ ಪೇಟೆಯಲ್ಲಿ ಅವರಿಗೆ ಒಳ್ಳೆಯ ಹೆಸರೂ ಇತ್ತು. ಹೊಗಳುವವರಿಗೆ ಗೊತ್ತಿಲ್ಲದ ಸಂಗತಿ ಎಂದರೆ, ‘ಬೇಡ’ ಎನ್ನುವ ಕೆಲಸವನ್ನು ಮಾವ ರಿಪೇರಿಗೆ ಒಪ್ಪಿಸಿಬಿಟ್ಟಿದ್ದರು. ಅತ್ತೆ ಟೆಂಟ್ ಸಿನಿಮಾಕ್ಕೆ ಹೋಗಬೇಕು ಎಂದರೆ, “ಓಹೋ, ಹೋಗುವ. ಟಾರ್ಚ್ ಸ್ವಲ್ಪ ರಿಪೇರಿ ಆಗ್ಲಿ.” ಪಕ್ಕದ ಬೀದಿಯ ಅರಿಶಿನ ಕುಂಕುಮಕ್ಕೆ ಎಂದರೆ ಛತ್ರಿಯ ಕಡ್ಡಿ ರಿಪೇರಿ. ತವರಿಗೆ ಎಂದರೆ ಗಾಡಿ ರಿಪೇರಿ. ಗದ್ದೆಯಿಂದ ಭತ್ತದ ಮೂಟೆ ಹೇರಿಕೊಂಡು ಗಡಗಡ ಬರುತ್ತಿದ್ದ ಗಾಡಿ, ಅತ್ತೆ ಹತ್ತುತ್ತಾರೆಂದು ಗೊತ್ತಾದ ದಿನ ಮಾತ್ರ ಅಚ್ಚು ಮುರಿದುಕೊಳ್ಳುತ್ತಿತ್ತು. ಎತ್ತುಗಳಿಗೂ ಇದು ಅಭ್ಯಾಸವಾಗಿ ಹೋಗಿತ್ತು.

ಮಾವನಿಗೆ ಅತ್ತೆಯ ತವರಿನ ಮೇಲೆ ಒಂದು ಹಳೆಯ ಸಿಟ್ಟು. ಮದುವೆಯಾದ ಹೊಸದರಲ್ಲಿ ಅಲ್ಲಿನ ಯಾವುದೋ ಊಟಕ್ಕೆ ಹೋದಾಗ ಅಳಿಯನನ್ನು ಎರಡನೇ ಪಂಕ್ತಿಗೆ ಕೂರಿಸಿದ್ದರಂತೆ. ಮೊದಲನೇ ಪಂಕ್ತಿಯವರು ಹೋಳಿಗೆ ಖಾಲಿ ಮಾಡಿ ಎದ್ದಿದ್ದರು. ಹೊಸ ಅಳಿಯನ ಎಲೆಗೆ ಬಂದದ್ದು ತಿಳಿಸಾರು. ಇಂಥ ಕಾರಣವನ್ನು ಬಾಯಿಬಿಟ್ಟು ಹೇಳುವುದು ಯಾವ ಗಂಡಸಿಗೆ ತಾನೇ ಸಾಧ್ಯ? ಹಾಗಾಗಿ ವರ್ಷಗಟ್ಟಲೆ ಗಾಡಿಯ ಅಚ್ಚು ಮುರಿಯುತ್ತಲೇ ಇತ್ತು.

ಮಾಮೂಲಿನ ದಿನಗಳಾಗಿದ್ದರೆ ಅತ್ತೆ ಇದನ್ನೂ ನುಂಗಿಕೊಳ್ಳುತ್ತಿದ್ದರೋ ಏನೋ. ಆದರೆ ಅದು ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಡ್ಡಗಟ್ಟೆ ಏಳುತ್ತಿದ್ದ ಕಾಲ. ಅತ್ತೆಯ ತವರು ಹೊಸನಗರದಿಂದ ನಾಲ್ಕು ಹರದಾರಿ ದೂರ, ಮುಳುಗಡೆಗೆ ಸೇರಿದ ಊರು. ಅವರ ತಮ್ಮ ಆಗಲೇ ಹೆಂಚು, ತೊಲೆ, ಬಾಗಿಲುಗಳನ್ನೆಲ್ಲ ಬಿಚ್ಚಿ ಲಾರಿಗೆ ಹೇರಿಕೊಂಡು ಬೇರೆ ಕಡೆ ಹೋಗಿಯಾಗಿತ್ತು. ಮನೆಯ ಹಿಂದೆ ನೇರಳೆ ಮರದ ಬುಡದಲ್ಲಿ ಇದ್ದ, ಮನೆ ಕಾಯುವ ದೇವತೆ ಚೌಡಿಯ ಕಲ್ಲು ಮಾತ್ರ ಅಲ್ಲೇ ಉಳಿದಿತ್ತು. ಅತ್ತೆಗೆ ಅದೇ ಚಿಂತೆ.

“ಹಸು ಕರು ಹಾಕಿದ್ರೂ ಚೌಡಿಗೆ ಹೇಳ್ತಿದ್ವಿ. ಮದುವೆ ಆದ್ರೂ ಹೇಳ್ತಿದ್ವಿ. ಊರೇ ಮುಳುಗ್ತದೆ ಅಂತ ಯಾರೂ ಹೇಳ್ಲಿಲ್ಲ ಮಾರಾಯ್ತಿ. ತಮ್ಮ ಲಾರಿ ಗಡಿಬಿಡೀಲಿ ಮರ್ತೇ ಬಿಟ್ಟ. ಹೇಳ್ದೆ ಕೇಳ್ದೆ ನೀರು ಬಂದ್ರೆ ಅವಳು ನಮ್ಮನ್ನ ಎಂತ ತಿಳ್ಕೊಳ್ತಾಳೆ? ಒಂದು ಹಣ್ಣುಕಾಯಿ ಇಟ್ಟು ಹೇಳಿ ಬರ್ಬೇಕು, ಅಷ್ಟೇ.”

ಅಲ್ಲಿಗೆ ಬಸ್ಸಿಲ್ಲ. ಅತ್ತೆಯ ಮಂಡಿ ಅಷ್ಟು ದೂರ ನಡೆಯಲು ಒಪ್ಪುವುದಿಲ್ಲ. ಗಾಡಿಯ ಕಥೆ ನಿಮಗೆ ಗೊತ್ತೇ ಇದೆ. ನನಗೆ ತಲೆ ಬಿಸಿಯಾಯಿತು. ತೀರ್ಥಹಳ್ಳಿಯಲ್ಲಿ ಅಣ್ಣನ ಸೈಕಲ್ಲು ಕದ್ದು ಓಡಿಸಿ, ಮೊಣಕಾಲು ತರಚಿಕೊಂಡು, ಬೈಸಿಕೊಂಡು ಸವಾರಿ ಕಲಿತವಳು ನಾನು. ಒಂದು ಸೈಕಲ್ಲು ಸಿಕ್ಕರೆ ಅತ್ತೆಯನ್ನು ನಾನೇ ಹಿಂದೆ ಕೂರಿಸಿಕೊಂಡು ಹೋದರಾಯಿತು ಎಂದುಕೊಂಡೆ. ಕಾರ್ಗಲ್ಲಿನಲ್ಲಿದ್ದ ಅಣೆಕಟ್ಟಿನ ಪ್ರಾಜೆಕ್ಟ್ ಕಾಲೋನಿಯಲ್ಲಿ ಒಬ್ಬ ಇಂಜಿನಿಯರು ವರ್ಗವಾಗಿ ಹೋಗುತ್ತಾ ಸಾಮಾನು ಮಾರುತ್ತಿದ್ದಾರೆಂದು ಶಾಲೆಯಲ್ಲಿ ಯಾರೋ ಹೇಳಿದ್ದೇ ತಡ, ಭಾನುವಾರ ಬಸ್ಸು ಹತ್ತಿದೆ. ಇದ್ದದ್ದು ಒಂದೇ ಸೈಕಲ್ಲು, ತೆಳ್ಳನೆಯ ಗಾಲಿ, ಕೆಳಕ್ಕೆ ಸುರುಳಿ ಸುತ್ತಿದ ಹ್ಯಾಂಡಲ್ಲು. ಕಾಲೇಜಿನಲ್ಲಿ ರೇಸಿಗೆ ಓಡಿಸಿದ್ದಂತೆ. ಕಾರ್ಗಲ್ಲಿನ ಜಡಿಮಳೆಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಬೆಲೆ ಎಷ್ಟು ಅಗ್ಗವೆಂದರೆ ಚೌಕಾಸಿ ಮಾಡಲು ನನಗೇ ನಾಚಿಕೆಯಾಯಿತು. ನೀರು ನಿಲ್ಲಿಸಲು ಬಂದವರ ಸೈಕಲ್ಲಿನಲ್ಲೇ ಮುಳುಗುವ ಊರಿಗೆ ಹೋಗುವ ಯೋಗ ನಮ್ಮದು! ಬಸ್ಸಿನ ಟಾಪಿಗೆ ಕಟ್ಟಿಸಿ, ಸಾಗರದಲ್ಲಿ ಇಳಿಸಿ, ಇನ್ನೊಂದು ಬಸ್ಸಿಗೆ ಏರಿಸಿ, ಅಂತೂ ಹೊಸನಗರ ಮುಟ್ಟಿಸಿದೆ.

ಮಾವ ಸೈಕಲ್ಲಿಗೆ ಒಂದು ಪ್ರದಕ್ಷಿಣೆ ಹಾಕಿದರು.

“ಹ್ಯಾಂಡಲ್ ಎಂತಕ್ಕೆ ಹೀಗೆ ಜೋತು ಬಿದ್ದದೆ?”

“ಅದು ರೇಸ್ ಸೈಕಲ್ ಮಾವ, ಇರೋದೇ ಹಾಗೆ.”

“ಮಾರುವವರು ಹಾಗೇ ಹೇಳ್ತಾರೆ. ಬಗ್ಗಿ ಬಗ್ಗಿ ಹೋಗೋಕೆ ನಾವೆಂತ ಸಸಿ ನೆಡೋಕೆ ಹೋಗ್ತೀವಾ? ಉಲ್ಟಾ ಕೂರ್ಸಿದಾರೆ, ನೋಡು.”

ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದವರೆಲ್ಲ ಎದ್ದು ಬಂದು, ಮುಟ್ಟಿ, ಒತ್ತಿ, ತಟ್ಟಿ ನೋಡಿ, ಉಲ್ಟಾ ಎಂದೇ ತೀರ್ಪು ಕೊಟ್ಟರು. ಅವರಲ್ಲಿ ಒಬ್ಬರಿಗೂ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಬರುತ್ತಿದ್ದರೆ ಅಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ. ಅತ್ತೆ ಬಾಗಿಲ ಸಂದಿಯಿಂದಲೇ ಕೇಳಿದರು, “ಹಾಗಾದ್ರೆ ಯಾವತ್ತು ಹೋಗೋದು?”

“ಹೋಗೋಕೆ ಅಡ್ಡಿ ಇಲ್ಲ” ಎಂದರು ಮಾವ. “ಸ್ವಲ್ಪ ರಿಪೇರಿ ಆಗ್ಲಿ.”

ಅತ್ತೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಶುರುವಾಯಿತು ನೋಡಿ. ಮೊದಲು ಹ್ಯಾಂಡಲ್ಲನ್ನು ತಿರುಗಿಸಿ ಕೂರಿಸಿದರು. ಅದು ಕೋಣನ ಕೋಡಿನ ಹಾಗೆ ಮೇಲಕ್ಕೆ ನಿಂತಿತು. ಬ್ರೇಕ್ ಹಿಡಿಯಬೇಕೆಂದರೆ ಎರಡೂ ಕೈ ಎತ್ತಬೇಕು. ಆಮೇಲೆ ಗಾಲಿ ತೆಳ್ಳಗಾಯಿತು ಎಂದು ದಪ್ಪ ಟೈರು ತರಿಸಿದರು. ಅದು ಗಾಲಿ ಹಿಡಿಯುವ ಫೋರ್ಕಿನೊಳಗೆ ಹೋಗದಿದ್ದಾಗ, ಫೋರ್ಕನ್ನೇ ಅಗಲ ಮಾಡಿಸಲು ಕಮ್ಮಾರನ ಬಳಿ ಹೊರಟರು. ಅವನು “ಮುರೀತದೆ ಅಯ್ಯಾ” ಎಂದ ಮೇಲೆ ಹಳೆಯ ಟೈರಿಗೇ ಬಂದರು. ಚೈನಿಗೆ ಕೊಬ್ಬರಿ ಎಣ್ಣೆ ಹಾಕಿದರು. ಮಾರನೆಯ ಬೆಳಿಗ್ಗೆ ನೋಡಿದರೆ ಇಡೀ ಚೈನಿನ ಮೇಲೆ ಕೆಂಪಿರುವೆಗಳ ಸಾಲು. ಆ ಬೇಸಿಗೆಯಲ್ಲಿ ನಮ್ಮ ಸೈಕಲ್ಲಿನ ಮೇಲೆ ಸವಾರಿ ಮಾಡಿದವರು ಅವರೇ. ಕಿಟಕಿಗೆ ಬಳಿದು ಮಿಕ್ಕ ಹಸಿರು ಬಣ್ಣವನ್ನು ಮಾವ ಸೈಕಲ್ಲಿಗೆ ಬಳಿದರು. ಅದು ಒಣಗುವ ಮೊದಲೇ ಮುಟ್ಟಿ ನೋಡಿದರು, ಬೆರಳ ಗುರುತು ಬಿತ್ತೆಂದು ಉಜ್ಜಿ ತೆಗೆದು ಮತ್ತೆ ಬಳಿದರು. ಹಿಂದೆ ಕೂರಲು ಕ್ಯಾರಿಯರ್ ಬೇಕು ಎಂದು ನಾನು ಹೇಳಿದ್ದಕ್ಕೆ, ಒಂದು ಮೂಟೆ ಭತ್ತ ತಡೆಯುವಂಥದ್ದನ್ನು ಮಾಡಿಸಿದರು. ಅತ್ತೆಯನ್ನು ಕಳಿಸಲು ಮನಸ್ಸಿಲ್ಲದಿದ್ದರೂ ಕೆಲಸದಲ್ಲಿ ಕಳ್ಳತನವಿಲ್ಲ, ಅದನ್ನು ಒಪ್ಪಬೇಕು.

ನನಗೆ ಸಿಟ್ಟು ಬರುತ್ತಿತ್ತು. ಆದರೆ ಸಿಟ್ಟು ಮಾಡುವುದು ಯಾರ ಮೇಲೆ? ಬೇಡ ಎಂದವರ ಜೊತೆ ಜಗಳ ಆಡಬಹುದು. ಬೆವರು ಸುರಿಸಿ ರಿಪೇರಿ ಮಾಡುತ್ತಿರುವವರ ಜೊತೆ ಹೇಗೆ ಆಡುತ್ತೀರಿ? “ಪಾಪ, ಹೆಂಡ್ತಿಗೋಸ್ಕರ ಎಷ್ಟು ಒದ್ದಾಡ್ತಾರೆ” ಎಂದು ಬೀದಿಯ ಹೆಂಗಸರೇ ಹೇಳುತ್ತಿದ್ದರು.

ಬೇಸಿಗೆ ಕಳೆದು ಮಳೆ ಹಿಡಿಯಿತು. ಅಣೆಕಟ್ಟಿನ ನೀರು ಹಿಂದಕ್ಕೆ ಬರುತ್ತಿದೆ, ಇಂಥ ಊರಿನ ಗದ್ದೆ ಮುಟ್ಟಿತು, ಇಂಥ ಊರಿನ ದಾರಿ ಮುಚ್ಚಿತು ಎಂದು ಸಂತೆಗೆ ಬಂದವರು ಹೇಳುತ್ತಿದ್ದರು. ಅತ್ತೆ ಊಟ ಕಡಿಮೆ ಮಾಡಿದರು. ಸೈಕಲ್ಲಿಗೆ ಇನ್ನು ರಿಪೇರಿ ಮಾಡಲು ಏನೂ ಉಳಿದಿರಲಿಲ್ಲ. ಮಾವ ಅದನ್ನು ಎರಡು ದಿನ ದಿಟ್ಟಿಸಿ, ಕೊನೆಗೆ ಕಂಡುಹಿಡಿದರು.

“ಬೆಲ್ ಇಲ್ವಲ್ಲ! ಬೆಲ್ ಇಲ್ದೆ ರಸ್ತೆಗೆ ಇಳಿಯೋದು ಕಾನೂನಲ್ಲ. ಹೊಸನಗರದ್ದು ಎರಡು ದಿನಕ್ಕೆ ಗಂಟಲು ಕಟ್ತದೆ. ಸಾಗರದಿಂದಲೇ ತರ್ಬೇಕು.”

ಮಾರನೆಯ ದಿನ ರಜೆ ಹಾಕಿ ಸಾಗರದ ಬಸ್ಸು ಹತ್ತಿದರು. ಬಸ್ಸು ತಿರುವು ದಾಟುವವರೆಗೆ ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಬೆಲ್ ಇಲ್ದಿದ್ರೆ ಸೈಕಲ್ ಮುಂದೆ ಹೋಗಲ್ವಾ?”

“ಹೋಗ್ತದೆ ಅತ್ತೆ.”

“ಹಾಗಾದ್ರೆ ತೆಗಿ. ಯಾರಾದ್ರೂ ಅಡ್ಡ ಬಂದ್ರೆ ನಾನು ಕೂಗ್ತೀನಿ.”

ಹಣ್ಣುಕಾಯಿಯನ್ನು ಸೆರಗಿಗೆ ಕಟ್ಟಿ ಅತ್ತೆ ಕ್ಯಾರಿಯರ್ ಏರಿದರು. ನಾನು ನೆರಿಗೆ ಎತ್ತಿ ಸಿಕ್ಕಿಸಿ ತುಳಿದೆ. ಪೇಟೆಯವರು ಬಾಯಿ ಬಿಟ್ಟು ನೋಡಿದರು. ನೋಡಲಿ, ಅವರಿಗೂ ಅವತ್ತು ಬೇರೆ ಕೆಲಸವಿರಲಿಲ್ಲ. ಗಂಡನ ಮುಂದೆ ದನಿ ಎತ್ತಿ ಗೊತ್ತಿಲ್ಲದ ಅತ್ತೆ, “ಬದಿಗೆ! ಏಯ್, ಬದಿಗೆ!” ಎಂದು ಪೇಟೆ ದಾಟುವವರೆಗೂ ಕೂಗಿದರು. ಅಡ್ಡ ಯಾರೂ ಇಲ್ಲದ ಕಡೆಯೂ ಕೂಗಿದರು. ಇಳಿಜಾರಿನಲ್ಲಿ ಬ್ರೇಕಿಗೆಂದು ನಾನು ಎರಡೂ ಕೈ ಮೇಲೆತ್ತಿದಾಗ, ಎದುರು ಬಂದ ಮುದುಕನೊಬ್ಬ ನಮಸ್ಕಾರ ಎಂದುಕೊಂಡು ತಾನೂ ಕೈ ಮುಗಿದ. ಮಾವ ಹಾಕಿಸಿದ್ದ ಚೈನ್ ಕವರ್ ಒಂದು ಕಡೆ ಕಳಚಿತು, ಮಡ್ಗಾರ್ಡ್ ಇನ್ನೊಂದು ಕಡೆ. ಅತ್ತೆ ತಿರುಗಿ ನೋಡಲಿಲ್ಲ. ಕೆಸರು ಬಂದಲ್ಲಿ ನಾವೇ ಸೈಕಲ್ಲನ್ನು ಎತ್ತಿಕೊಂಡು ನಡೆದೆವು. ನಾವಿಬ್ಬರೂ ನಕ್ಕಷ್ಟು ನಗುವನ್ನು ಆ ದಾರಿ ಯಾವತ್ತೂ ಕೇಳಿರಲಿಕ್ಕಿಲ್ಲ.

ಕೊನೆಯ ದಿಬ್ಬ ಹತ್ತಿದಾಗ ನಗು ನಿಂತಿತು. ದಾರಿ ನೇರ ನೀರಿಗೆ ಇಳಿದಿತ್ತು. ಮನೆಯ ಗೋಡೆಗಳಿಲ್ಲ, ಬಾವಿಯಿಲ್ಲ. ದೂರದಲ್ಲಿ ನೇರಳೆ ಮರದ ತಲೆ ಮಾತ್ರ ಕಾಣುತ್ತಿತ್ತು.

ಅತ್ತೆ ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿಗೆ ಇಳಿದರು. ದಡದ ಕಲ್ಲಿಗೆ ಕಾಯಿ ಒಡೆದು, ಎರಡು ಹೋಳನ್ನೂ ಮರದ ಕಡೆಗೆ ತೇಲಿ ಬಿಟ್ಟರು. ಮನೆಯವರ ಹತ್ತಿರ ಮಾತಾಡುವ ದನಿಯಲ್ಲೇ ಹೇಳಿದರು.

“ತಾಯೀ, ಊರು ಮುಳುಗ್ತದಂತೆ, ಹೇಳಿ ಹೋಗ್ವ ಅಂತ ಬಂದೆ.” ಹೋಳುಗಳು ತೇಲಿಹೋಗುವುದನ್ನು ನೋಡಿದರು. “ನಿಂಗೇ ಮೊದ್ಲು ಗೊತ್ತಾಗ್ಹೋಯ್ತು. ತಡ ಆಯ್ತು ಕಣಮ್ಮಾ. ಎಂತ ಮಾಡೋದು, ಗಾಡಿ ರಿಪೇರೀಲಿತ್ತು.”

ಚೌಡಿಯ ಮುಂದೆಯೂ ಗಂಡನನ್ನು ಬಿಟ್ಟುಕೊಡಲಿಲ್ಲ. ನನಗೆ ಅಳು ಬಂತು, ಅದರ ಬೆನ್ನಿಗೇ ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು. ಅತ್ತೆ ಅಳಲಿಲ್ಲ. ಸೀರೆಯ ಅಂಚು ಹಿಂಡಿಕೊಂಡು ಬಂದು ಕ್ಯಾರಿಯರ್ ಮೇಲೆ ಕೂತರು. ಹಿಂದಿರುಗುವಾಗ ಒಬ್ಬರನ್ನೂ ಬದಿಗೆ ಸರಿಯಲು ಹೇಳಲಿಲ್ಲ.

ನಾವು ಮನೆ ಮುಟ್ಟಿದಾಗ ಮಾವ ಜಗುಲಿಯಲ್ಲಿ ಕೂತಿದ್ದರು. ಕೈಯಲ್ಲಿ ಸಾಗರದ ಬೆಲ್ಲು, ಹೊಳೆಯುವಂಥದ್ದು. ಕೆಸರಾದ ಸೈಕಲ್ಲನ್ನು ನೋಡಿದರು, ಹೆಂಡತಿಯ ಒದ್ದೆ ಸೀರೆಯನ್ನು ನೋಡಿದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ. “ಬೆಲ್ ಹಾಕ್ಲಾ?” ಎಂದರು.

“ಹಾಕಿ” ಎಂದರು ಅತ್ತೆ. “ಇನ್ನೆಂತ ಅವಸರ ಇಲ್ಲ.”

ಅಲ್ಲಿಂದ ಮುಂದೆ ಅತ್ತೆ ಮಾವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದು ಕೇಳಿದ್ದು ನನಗೆ ನೆನಪಿಲ್ಲ. ಊರಿನವರು ಅದನ್ನೂ ಹೊಗಳಿದರು.

ಪಕ್ಕದ ಮನೆಯವರ ವಿಂಟೇಜಿನ ಮೇಲೆ ನಾಲ್ಕು ಮಾತು ಹಾಸ್ಯ ಮಾಡೋಣ ಎಂದು ಇದನ್ನು ಬರೆಯಲು ಕೂತಿದ್ದೆ. ಹಾಸ್ಯ ಯಾವಾಗ ಕೈಬಿಟ್ಟು ಹೋಯಿತೋ ತಿಳಿಯಲಿಲ್ಲ. ಇವತ್ತು ಬೆಳಿಗ್ಗೆ ಅವರೇ ಗೇಟಿನ ಬಳಿ ಕರೆದು ತೋರಿಸಿದರು. ಸೈಕಲ್ಲು ಥಳಥಳ ಹೊಳೆಯುತ್ತಿತ್ತು. ಒರಿಜಿನಲ್ ಪೆಡಲ್ ಸಿಗುವವರೆಗೆ ಓಡಿಸುವುದಿಲ್ಲವಂತೆ. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಇಷ್ಟು ವರ್ಷ ಪಕ್ಕದಲ್ಲಿದ್ದೂ ಆಕೆಯ ಜೊತೆ ಮಳೆ, ಬಿಸಿಲು, ಹಾಲಿನವನ ಮಾತು ಬಿಟ್ಟು ಬೇರೆ ಆಡಿದವಳಲ್ಲ. ಲೋಟ ತೆಗೆದುಕೊಳ್ಳುತ್ತಾ ಕೇಳಿದೆ, “ನಿಮಗೆ ಎಲ್ಲಿಗಾದ್ರೂ ಹೋಗ್ಬೇಕು ಅಂತ ಇದೆಯಾ?”

ಉತ್ತರ ಹೇಳುವ ಮೊದಲು ಆಕೆ ಗಂಡನ ಮುಖ ನೋಡಿದರು.