ಬಚ್ಚಲ ಬಾಗಿಲ ಸಿಗ್ನಲ್

ಪಕ್ಕದ ಮನೆಯ ಹುಡುಗಿ ನಮ್ಮ ಕಟ್ಟೆಯ ಮೇಲೆ ಕಂಪ್ಯೂಟರ್ ಪುಸ್ತಕ ಮರೆತು ಹೋಗಿದ್ದಳು. ಕಾಯಿಪಲ್ಲೆ ಹೆಚ್ಚುವುದು ಬಿಟ್ಟು ಅದರಲ್ಲಿ ಇಣುಕಿದೆ ನೋಡಿ, ನನಗೆ ಬೇಡದ ಉಸಾಬರಿ! ‘ಸೆಮಫೋರ್’ ಎಂದಿತ್ತು. ಪ್ರಿಂಟರ್ ಒಂದೇ, ಬೇಕೆನ್ನುವವರು ಹಲವರು. ಹಿಡಿದವರು ಒಂದು ಗುರುತು ಹಾಕಬೇಕು, ಮುಗಿದ ಮೇಲೆ ತೆಗೆಯಬೇಕು. ಅಲ್ಲಿಯತನಕ ಉಳಿದವರು ಕಾಯಬೇಕು. ತೆಗೆಯುವುದು ಮರೆತರೆ? ಎಲ್ಲರೂ ಕಾಯುತ್ತಲೇ ಇರುತ್ತಾರಂತೆ. ಅಯ್ಯ, ಇದು ಇಳಕಲ್ಲಿನ ನಮ್ಮ ಬಚ್ಚಲದ ಕಥೆಯಲ್ಲವೇ ಅಂದುಕೊಂಡೆ.

ಎಪ್ಪತ್ತರ ದಶಕದ ಮಾತು. ಮನೆ ತುಂಬ ಮಂದಿ, ಬಚ್ಚಲ ಒಂದೇ, ಬಾಗಿಲಿಗೆ ಒಳಚಿಲಕವಿಲ್ಲ. ಬಾದಾಮಿ ಸ್ಟೇಷನ್ನಿನಲ್ಲಿ ಸಿಗ್ನಲ್ಲಿನ ಕೈ ಏರಿಸಿ ಇಳಿಸುವ ಕೆಲಸದಲ್ಲಿದ್ದ ಕಾಕಾ ರಜೆಗೆ ಬಂದವನೇ ರೈಲಿನ ಕಾನೂನು ತಂದ. ಹರಿದ ಸೀರೆಯ ಕೆಂಪು ಸೆರಗಿನ ತುಂಡೊಂದನ್ನು ಬಾಗಿಲಿಗೆ ತೂಗುಹಾಕಿ, “ಒಳಗ ಹೋಗೋರು ಹಾಕ್ರಿ, ಹೊರಗ ಬಂದು ತಗೀರಿ. ಕೆಂಪು ಕಂಡ್ರ ಗಾಡಿ ನಿಲ್ಲಾಕ ಬೇಕು,” ಎಂದ. ನಮಗೆ ಅದೇ ಒಂದು ಆಟವಾಯಿತು.

ಆ ದಿನ ಗಿರಿಜಕ್ಕನಿಗೆ ಹುನಗುಂದದಲ್ಲಿ ಶಿಕ್ಷಕಿ ಕೆಲಸದ ಸಂದರ್ಶನ. ಮೊದಲ ಬಸ್ಸು ತಪ್ಪಿದರೆ ಕೆಲಸವೂ ತಪ್ಪಿದಂತೆಯೇ. ನಸುಕಿನಲ್ಲೆದ್ದು ನೋಡಿದರೆ ಬಾಗಿಲಲ್ಲಿ ಕೆಂಪು, ಅಜ್ಜ ಹಾಸಿಗೆಯಲ್ಲಿಲ್ಲ. ಅಜ್ಜ ಜಳಕಕ್ಕೆ ಹೊಕ್ಕರೆ ಲಿಂಗಪೂಜೆ ಮುಗಿಯುವತನಕ ಮಾತಾಡುವವನಲ್ಲ, ಆದ್ದರಿಂದ ಕೂಗಿ ಕೇಳುವಂತಿರಲಿಲ್ಲ. ನೀರಿನ ಸಪ್ಪಳವೂ ಇಲ್ಲ. ಮೈ ಒರೆಸಿಕೊಳ್ಳುತ್ತಿರಬೇಕೆಂದು ಕಾದೆವು, ಎಂಥ ಜಾಣರು ನಾವು!

“ಬೇಕಂತನ ಮಾಡ್ಯಾನ. ಹೆಣ್ಣುಮಗಳಿಗೆ ನೌಕರಿ ಯಾಕ ಅಂತ ಮೊನ್ನೆನ ಅಂದಾನಲ್ಲ,” ಎಂದು ಅಕ್ಕ ಅತ್ತುಬಿಟ್ಟಳು. ನಮ್ಮ ಮನೆಯಲ್ಲಿ ಜಳಕವಿಲ್ಲದೆ ಹೊಸ್ತಿಲು ದಾಟಿದವರಿಲ್ಲ. ಅಕ್ಕ ಹಿತ್ತಲಲ್ಲಿ ಮುಖ ತೊಳೆದು, ಸೀರೆ ಬದಲಿಸಿ, ಸರಸರ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ.

ಬಸ್ಸು ಕಿಕ್ಕಿರಿದಿತ್ತು. ಕಿಟಕಿ ಪಕ್ಕದ ಸೀಟಿನಲ್ಲಿ ನಮ್ಮ ಅಜ್ಜ! ಹಣೆಯ ಮೇಲೆ ವಿಭೂತಿಯಿಲ್ಲ. ಅಂಥ ಅಜ್ಜನನ್ನು ನಾನು ಎಂದೂ ಕಂಡಿರಲಿಲ್ಲ. “ಇಲ್ಲಿ ಜಾಗ ಇಲ್ಲಪಾ, ನನ್ನ ಮೊಮ್ಮಗಳು ಬರಾಕತ್ತ್ಯಾಳ,” ಎಂದು ಯಾರನ್ನೋ ಗದರುತ್ತಿದ್ದ. ಅಕ್ಕನನ್ನು ಕಂಡವನೇ ಎದ್ದು ಸೀಟು ಬಿಟ್ಟುಕೊಟ್ಟ.

“ನಿನ್ನಕಿಂತ ಮೊದಲ ಯಾರೂ ಬಚ್ಚಲಕ್ಕ ಹೋಗಬಾರ್ದಂತ ಕೆಂಪು ಹಾಕಿ ಬಂದೇನಿ. ಜಳಕ ಆತೇನವಾ?”

ಕಿಟಕಿಯ ಹೊರಗೆ ನಿಂತಿದ್ದ ನನಗೆ ಅಕ್ಕನ ಉತ್ತರ ಕೇಳಿಸಲಿಲ್ಲ. ಬಸ್ಸು ಗುರುಗುಟ್ಟುತ್ತಿತ್ತು. ಅಜ್ಜ ನಗುತ್ತ ಇಳಿದ. ಮನೆಗೆ ಬಂದು ಬಾಗಿಲ ಬಟ್ಟೆ ನೋಡಿ, “ಗಡಿಬಿಡಿಯಾಗ ತಗಿಯೂದು ಮರತಾಳ ಹುಚ್ಚಿ,” ಎಂದ. ನಾನು ಬಟ್ಟೆ ತೆಗೆದು ಮಡಚಿಟ್ಟೆ. ಕೆಲಸ ಸಿಕ್ಕಿತು. ಅಕ್ಕ ಅದೇ ಶಾಲೆಯಲ್ಲಿ ನಿವೃತ್ತಳೂ ಆದಳು.

ಪುಸ್ತಕ ಮುಚ್ಚಿಟ್ಟವಳಿಗೆ ತಡೆಯಲಾಗದೆ ಅಕ್ಕನಿಗೆ ಫೋನು ಹಚ್ಚಿದೆ. “ಅವತ್ತ ಬಸ್ಸಿನ್ಯಾಗ ಅಜ್ಜಗ ಏನಂದಿ?”

ಅಕ್ಕ ನಕ್ಕುಬಿಟ್ಟಳು.

“ಹೂಂ ಅಜ್ಜಾ, ನೀರು ಭಾಳ ಛಲೋ ಕಾದಿದ್ವು ಅಂದ್ನಿ. ಅಂವ ನನ್ನ ಸಲುವಾಗಿ ಜಳಕಿಲ್ಲದ ಬಂದು ಕುಂತಿದ್ದ, ಮತ್ತೇನ ಹೇಳ್ಲೇ?”