ಬೆನ್ನ ಹಿಂದೆ ಬಾರಿಸಿದ ಗಂಟೆ

ಕಿವಿ ಕೇಳದವರಿಗೆ ಶ್ರವಣಯಂತ್ರ ಹೊಂದಿಸಿಕೊಡುವ ಕಸುಬಿನಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಕೊಟ್ಟ ಯಂತ್ರ ಮರುವರ್ಷವೂ ಕೆಲಸ ಮಾಡುತ್ತಿದೆಯೇ ಎಂದು ಸಮುದ್ರ ದಾಟಿ ಹೋಗಿ ನೋಡಿ ಬಂದವರು ವಿರಳ. ಮೂವತ್ತೆಂಟು ವರ್ಷ ಆಸ್ಪತ್ರೆಯ ಶ್ರವಣ ವಿಭಾಗದಲ್ಲಿ ದುಡಿದು, ಅದರಲ್ಲಿ ಹತ್ತೊಂಬತ್ತು ವರ್ಷಗಳ ರಜೆಯನ್ನೆಲ್ಲ ನಮ್ಮ ಚರ್ಚಿನ ಸಭೆಯ ಹೊರದೇಶದ ಸೇವೆಗೆ ಧಾರೆಯೆರೆದು, ಈ ತಿಂಗಳು ನಿವೃತ್ತರಾಗುತ್ತಿರುವ ಗಂಟೆಯಕ್ಕ ಆ ವಿರಳರಲ್ಲಿ ಒಬ್ಬರು.

ಈ ಅಡ್ಡಹೆಸರಿಗೆ ಕಾರಣ ಸಂಡೇ ಸ್ಕೂಲಿನ ಒಂದು ಹಳೆಯ ಹಿತ್ತಾಳೆ ಕೈಗಂಟೆ. ಯಂತ್ರ ಹೊಂದಿಸಿದ ಮೇಲೆ ಅವರು ಆ ವ್ಯಕ್ತಿಯ ಬೆನ್ನ ಹಿಂದೆ ನಿಂತು ಅದನ್ನು ಮೆಲ್ಲಗೆ ಬಾರಿಸುತ್ತಿದ್ದರು. ತಿರುಗಿ ನೋಡಿದರೆ ಕೆಲಸ ಆಯಿತು. ಇಲ್ಲದಿದ್ದರೆ ಪುಟ್ಟ ಸ್ಕ್ರೂಡ್ರೈವರ್ ಮತ್ತೆ ಕೈಗೆ ಬರುತ್ತಿತ್ತು. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಅವರ ಇಕ್ಕಟ್ಟಾದ ಕೋಣೆಯಲ್ಲಿ, ಯಂತ್ರ ಕಿವಿಯೊಳಗೆ ಸರಿಯಾಗಿ ಕೂರಲೆಂದು ತೆಗೆದು ಟ್ರೇ ತುಂಬ ಸಾಲಾಗಿಟ್ಟ ಕಿವಿಯ ಅಚ್ಚುಗಳ ನಡುವೆ, ಯಾರೂ ದನಿ ಎತ್ತುವಂತಿರಲಿಲ್ಲ. ರೋಗಿಯ ಮಗ ಕೂಗಾಡಿದರೆ, ಎದುರಿಗೆ ಬಂದು ಕೂತು ನಿಧಾನವಾಗಿ ಹೇಳಿ ಎಂದು ಅವನ ಕುರ್ಚಿಯನ್ನೇ ಎಳೆದು ಮುಂದಕ್ಕೆ ಹಾಕುತ್ತಿದ್ದರು.

ಅವರ ಮೊದಲ ಹೊರದೇಶದ ಪ್ರಯಾಣ ಒಂದು ಬಂದರು ಪಟ್ಟಣಕ್ಕೆ. ಅಲ್ಲಿನ ಪ್ರಾರ್ಥನಾ ಮಂದಿರದ ಬೆಂಚುಗಳನ್ನು ಗೋಡೆಗೆ ಸರಿಸಿ, ಮೂರು ದಿನದಲ್ಲಿ ಅರವತ್ತೆರಡು ಜನರಿಗೆ ಯಂತ್ರ ಹೊಂದಿಸಿದರು. ಕೊನೆಯವರು ಒಬ್ಬ ಅಜ್ಜಿ. ಸೊಸೆ ಮನೆಗೆ ಬಂದು ಎಂಟು ವರ್ಷವಾಗಿದ್ದರೂ ಅವಳ ದನಿ ಹೇಗಿದೆಯೆಂದು ಆಕೆಗೆ ತಿಳಿದಿರಲಿಲ್ಲ. ಗಂಟೆ ಸದ್ದು ಮಾಡಿತು, ಅಜ್ಜಿ ತಿರುಗಿ ನಕ್ಕರು, ಮಂದಿರವೆಲ್ಲ ಚಪ್ಪಾಳೆ ತಟ್ಟಿತು. ಆ ನಗುವಿನ ಫೋಟೊ ವರ್ಷವಿಡೀ ನಮ್ಮ ಚರ್ಚಿನ ಬಾಗಿಲ ಪಕ್ಕದಲ್ಲಿ ತೂಗುತ್ತಿತ್ತು. ತೆಗೆದವನು ಈ ಲೇಖನ ಬರೆಯುತ್ತಿರುವವನೇ ಆದ್ದರಿಂದ, ಮುಂದೆ ಹೇಳುವ ನಾಚಿಕೆಯಲ್ಲಿ ಅವನಿಗೂ ಪಾಲಿದೆ.

ಮರುವರ್ಷ ನಮ್ಮ ಸೇವಾ ತಂಡ ಬೇರೊಂದು ಊರಿಗೆ ಹೊರಟಿತ್ತು. ದಾರಿಯಲ್ಲಿ ಒಂದು ದಿನ ಅದೇ ಬಂದರಿನಲ್ಲಿ ತಂಗಿತು. ಅಜ್ಜಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬಂದರು. ಇನ್ನೊಂದು ಒಳ್ಳೆಯ ಫೋಟೊ ಸಿಗಲೆಂದು ಗಂಟೆಯಕ್ಕ ಹಿಂದೆ ನಿಂತು ಗಂಟೆ ಬಾರಿಸಿದರು. ಅಜ್ಜಿ ಕ್ಯಾಮರಾ ನೋಡುತ್ತ ನಗುತ್ತಲೇ ಇದ್ದರು. ಮತ್ತೆ ಬಾರಿಸಿದರು. ಅಜ್ಜಿ ಅಲುಗಲಿಲ್ಲ.

ಆಗ ಸೊಸೆ ತಲೆ ತಗ್ಗಿಸಿ ಹೇಳಿದ್ದನ್ನು ಅಲ್ಲಿನ ಸಭಾಪಾಲಕರು ನಮ್ಮ ಮಾತಿನಲ್ಲಿ ತಿಳಿಸಿದರು. "ಮೂರು ತಿಂಗಳಿಗೇ ಸೆಲ್ ಮುಗೀತಂತೆ. ಇಲ್ಲೆಲ್ಲೂ ಸಿಗಲ್ಲ. ಅಷ್ಟು ದೂರದಿಂದ ಬಂದು ಕೊಟ್ಟಿದ್ದಾರೆ, ಹಾಕ್ಕೊಳ್ದೆ ಹೋದ್ರೆ ನಿಮಗೆ ಬೇಜಾರಾಗುತ್ತೆ ಅಂತ ಅತ್ತೆ ಹಾಕ್ಕೊಂಡು ಬಂದ್ರಂತೆ."

ಗಂಟೆಯಕ್ಕ ಅಜ್ಜಿಯ ಮುಂದೆ ನೆಲದ ಮೇಲೆ ಕೂತು ಆಕೆಯ ಎರಡೂ ಕೈ ಹಿಡಿದುಕೊಂಡರು. ಆ ಮಧ್ಯಾಹ್ನವೆಲ್ಲ ಬೀದಿ ಬೀದಿ ಅಲೆದು ಮನೆಬಾಗಿಲು ತಟ್ಟಿದಾಗ, ಅರವತ್ತೆರಡರಲ್ಲಿ ಕೆಲಸ ಮಾಡುತ್ತಿದ್ದವು ಒಂಬತ್ತು. ಕೆಲವಕ್ಕೆ ಸೆಲ್ ಇರಲಿಲ್ಲ. ಕೆಲವುಗಳ ಅಚ್ಚು ಸಡಿಲವಾಗಿ ಯಂತ್ರ ಸೀಟಿ ಹೊಡೆಯುತ್ತಿತ್ತು. ಇಷ್ಟು ವರ್ಷದ ಅನುಭವ ಇದ್ದೂ ಇದು ತನಗೆ ಹೊಳೆಯಲಿಲ್ಲವಲ್ಲ ಎಂಬ ಸಂಕಟ ಅವರನ್ನು ಆಮೇಲೂ ಬಿಡಲಿಲ್ಲ.

ಊರಿಗೆ ಮರಳಿದ ಮೇಲೆ, ಅದೇ ಬಂದರಿಗೆ ಮತ್ತೆ ಹೋಗುವುದು ಬೇಡವೆಂದು ಸಭೆಯ ಸಮಿತಿ ಪಟ್ಟು ಹಿಡಿಯಿತು. ಪ್ರತಿವರ್ಷ ಹೊಸ ಊರು, ಹೊಸ ಮುಖ ಇದ್ದರೆ ತಾನೇ ಕೊಡುವವರಿಗೆ ಹುರುಪು ಎಂಬುದು ಹಿರಿಯರ ವಾದ. ಗಂಟೆಯಕ್ಕ ಗಂಟೆಯನ್ನು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಇದನ್ನ ನೀವೇ ಇಟ್ಕೊಳ್ಳಿ. ನಾವು ಮಾಡಿದ್ದು ಕೊಟ್ಟು ಕಿತ್ಕೊಂಡ ಹಾಗಾಯ್ತು. ನಾನು ಅಲ್ಲಿಗೇ ವಾಪಸ್ ಹೋಗ್ತೀನಿ, ಒಬ್ಬಳೇ ಆದ್ರೂ ಹೋಗ್ತೀನಿ."

ಒಬ್ಬರೇ ಹೋದರು, ಪೆಟ್ಟಿಗೆ ತುಂಬ ಸೆಲ್ ಹೊತ್ತು, ಎರಡು ವರ್ಷ. ಸಮಿತಿಯ ಮುನಿಸು ಕರಗಿ ತಂಡ ಜೊತೆಗೂಡಿದ್ದು ಮೂರನೆಯ ವರ್ಷ. ಗಂಟೆಯೂ ಆಗಲೇ ಅವರ ಕೈಗೆ ಮರಳಿತು. ಅಷ್ಟರಲ್ಲಿ ಅವರಿಗೆ ಸರಿಯಾದ ಶಿಷ್ಯೆ ಸಿಕ್ಕಿದ್ದಳು. ಅಜ್ಜಿಯ ಸೊಸೆಗೆ ಪೇಟೆಯ ಮೂಲೆಯಲ್ಲಿ ಒಂದಾಳು ಕೂರುವಷ್ಟು ಅಗಲದ ಗಡಿಯಾರ ರಿಪೇರಿ ಅಂಗಡಿ ಇತ್ತು. ಚಿಮಟ, ಭೂತಗನ್ನಡಿ ಅವಳಿಗೆ ನೀರು ಕುಡಿದಷ್ಟು ಸಲೀಸು. ಅಚ್ಚು ತೆಗೆಯುವುದು ಮಾತ್ರ ಬೇಗ ಒಗ್ಗಲಿಲ್ಲ. ಹನ್ನೊಂದು ಅಚ್ಚು ಕೆಡಿಸಿ ಹನ್ನೆರಡನೆಯದನ್ನು ಗೆದ್ದಳು. ಸೆಲ್ ತರಿಸುವ ವ್ಯವಸ್ಥೆಯೂ ಅವಳ ಅಂಗಡಿಗೇ ಬಂತು. ಅಜ್ಜಿ ಮುಂದೆ ಆರು ವರ್ಷ ಚೆನ್ನಾಗಿ ಕೇಳಿಸಿಕೊಂಡು ಬದುಕಿದರು. ಸೊಸೆಯ ದನಿ ಇಷ್ಟು ಗಟ್ಟಿಯೆಂದು ಮೊದಲೇ ಗೊತ್ತಿದ್ದರೆ ಯಂತ್ರಕ್ಕೆ ಆಸೆಪಡುತ್ತಲೇ ಇರಲಿಲ್ಲ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರಂತೆ.

ಕಳೆದ ವರ್ಷದ ಪ್ರಯಾಣದ ಹೊತ್ತಿಗೆ ಗಂಟೆಯಕ್ಕನವರಲ್ಲೇ ಏನೋ ಬದಲಾಗಿತ್ತು. ಕೇಳಿದ್ದೊಂದು, ಅವರು ಹೇಳುವುದೊಂದು. ಉಳಿದಂತೆ ಎಲ್ಲದಕ್ಕೂ ತಲೆದೂಗಿ ಮುಗುಳ್ನಗು. ಪ್ರಯಾಣದ ದಣಿವು ಎಂದುಕೊಂಡ ನಾವು ಸುಮ್ಮನಿದ್ದೆವು. ಕಿವಿಯ ಕೆಲಸದವಳಿಗೇ ಕಿವಿ ಹೋಯಿತೆಂದರೆ ತಂಡದಿಂದ ಕೈಬಿಟ್ಟಾರೆಂಬ ಅಳುಕು ಅವರಲ್ಲಿತ್ತೆಂದು ನಮಗೆ ತಿಳಿದದ್ದು ಆಮೇಲೆ. ಆದರೆ ಸೊಸೆ ಅರ್ಧ ದಿನ ನೋಡಿ, ಗುರುವನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದಳು. ಇಷ್ಟು ವರ್ಷದಲ್ಲಿ ನಮ್ಮ ಮಾತು ಅವಳಿಗೂ ಬಂದಿತ್ತು. ಎದುರಿಗೆ ಕೂತು ನಿಧಾನವಾಗಿ ಹೇಳಿದಳು.

"ಸುಮ್ನೆ ನಗ್ತಾ ಕೂತ್ರೆ ನಂಗೆ ಗೊತ್ತಾಗಲ್ವಾ ಅಕ್ಕ? ನಮ್ಮತ್ತೆನೂ ಹಿಂಗೇ ನಗ್ತಿದ್ರು."

ಎಡಗಿವಿಯ ಅಚ್ಚು ತೆಗೆದಳು. ಮೂರನೆಯ ದಿನ ಯಂತ್ರ ಸಿಕ್ಕಿಸಿ, ಅದೇ ಹಿತ್ತಾಳೆ ಗಂಟೆ ಹಿಡಿದು ಬೆನ್ನ ಹಿಂದೆ ಹೋದಳು. ಗಂಟೆ ಬಾರಿಸಿದಳು. ಗಂಟೆಯಕ್ಕ ತಿರುಗಿದರು, ಆದರೆ ನಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತರು. ಕ್ಯಾಮರಾ ಕೈಯಲ್ಲೇ ಇದ್ದರೂ ಈ ಲೇಖಕ ಫೋಟೊ ತೆಗೆಯಲಿಲ್ಲ.

ಆಸ್ಪತ್ರೆಯ ಕೋಣೆಯ ಬೀಗದ ಕೈಯನ್ನು ಅವರು ಈ ತಿಂಗಳ ಕೊನೆಗೆ ಒಪ್ಪಿಸಲಿದ್ದಾರೆ. ಈ ಅಭಿನಂದನಾ ಸಂಪುಟವನ್ನು ಅವರ ಕೈಗಿಡುವಾಗ ನಾವೆಲ್ಲ ಎದುರಿಗೆ ಕೂತು ನಿಧಾನವಾಗಿಯೇ ಮಾತಾಡುತ್ತೇವೆ: ದೇವರು ನಿಮಗೆ ತುಂಬು ಆಯುಸ್ಸು ಕೊಡಲಿ, ಕೈ ನಡುಗದಿರಲಿ, ಕಾಲು ದಣಿಯದಿರಲಿ. ಕೆಲಸ ಮುಂದುವರಿಸಿ ಎಂದು ಹಾರೈಸುವ ಅಗತ್ಯ ಮಾತ್ರ ನಮಗೆ ಉಳಿದಿಲ್ಲ. ಗಡಿಯಾರದ ಅಂಗಡಿಯಾಕೆ ಅವರ ಕೈಗೆ ಒಂದು ಚೀಟಿ ಕೊಟ್ಟು ಕಳಿಸಿದ್ದಾಳೆ: ಅಚ್ಚು ಸಡಿಲವಾಗಿದೆಯೇ ನೋಡಬೇಕು, ಮುಂದಿನ ವರ್ಷ ಇದೇ ತಾರೀಖಿಗೆ ತಪ್ಪದೆ ಬರಬೇಕು.