ಅತ್ತೆಯೊಡನೆ ಕ್ಯೋಟೊದಲ್ಲಿ

ಇವತ್ತು ಬೆಳಿಗ್ಗೆ ವಸಂತ್ ಕುಂಜ್‌ನ ನಮ್ಮ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಎದುರು ಫ್ಲ್ಯಾಟಿನವರು ಮಗುವಿನ ಬಟ್ಟೆ ಒಣಹಾಕಿದ್ದರು. ಪುಟ್ಟ ಅಂಗಿಗಳು, ಕಾಲುಚೀಲಗಳು, ಕೊನೆಯಲ್ಲಿ ಕೂಸಿನ ಕೊರಳಿಗೆ ಕಟ್ಟುವ ಒಂದು ಕೆಂಪು ಜೊಲ್ಲಿನ ಬಟ್ಟೆ. ದೆಹಲಿಯ ಚಳಿಗಾಲದ ಬೆಳಗು ನಿಮಗೆ ಗೊತ್ತಿರಬಹುದು, ಹತ್ತು ಗಂಟೆಯಾದರೂ ಬಿಸಿಲಿಗೆ ಏಳಲು ಮನಸ್ಸಿರುವುದಿಲ್ಲ. ಆ ಮಬ್ಬಿನಲ್ಲಿ ಕೆಂಪು ಬಣ್ಣವೊಂದೇ ಎದ್ದು ಕಾಣುತ್ತಿತ್ತು. ಅದನ್ನೇ ನೋಡುತ್ತಾ ನಿಂತುಬಿಟ್ಟೆ, ಕಾಫಿ ಆರಿಹೋಯಿತು.

ಎಂಟು ವರ್ಷದ ಹಿಂದೆ ನಮ್ಮ ಯಜಮಾನರನ್ನು ಕಂಪನಿಯವರು ಒಂದು ವರ್ಷದ ಮಟ್ಟಿಗೆ ಜಪಾನಿನ ಒಸಾಕಾಗೆ ಕಳಿಸಿದ್ದರು. ನಾನೂ ಅತ್ತೆಯೂ ಮೂರು ವಾರ ರಜೆಗೆಂದು ಅಲ್ಲಿಗೆ ಹೋದೆವು. ಇವರಿಗೆ ಆಫೀಸಿನಿಂದ ಬಿಡುವಿಲ್ಲ. "ಕ್ಯೋಟೊ ಇಲ್ಲೇ ಹತ್ತಿರ, ರೈಲಿನಲ್ಲಿ ನೀವಿಬ್ಬರೇ ಹೋಗಿಬನ್ನಿ" ಅಂದರು. ನನಗೆ ಒಳಗೊಳಗೇ ಗಾಬರಿ. ಭಾಷೆ ಬಾರದ ಊರೆಂದಲ್ಲ, ಇಡೀ ದಿನ ಅತ್ತೆಯ ಜೊತೆ ಏನು ಮಾತಾಡುವುದೆಂದು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯಾ, ಬಿಸಿನೀರು ಕಾದಿದೆಯಾ, ಇಷ್ಟರಲ್ಲೇ ಹನ್ನೆರಡು ವರ್ಷ ಕಳೆದಿತ್ತು.

ಮಾತಿಗೆ ಬದಲು ನಾನು ಪಟ್ಟಿ ಮಾಡಿಕೊಂಡೆ. ಏಳು ದೇವಸ್ಥಾನಗಳು, ಯಾವುದಕ್ಕೆ ಎಷ್ಟು ಹೊತ್ತು, ಎಲ್ಲಿ ಬಸ್ಸು. ಸರ್ಕಾರಿ ಗುಮಾಸ್ತರ ಮಗಳು ನಾನು, ಪಟ್ಟಿಯಿದ್ದರೆ ಲೋಕವೇ ಕೈಯಲ್ಲಿದೆ ಅಂದುಕೊಳ್ಳುವವಳು. ಅತ್ತೆ ಮಾತ್ರ ಪಟ್ಟಿಯತ್ತ ತಿರುಗಿಯೂ ನೋಡದೆ ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ ತುಂಬಿಕೊಂಡರು.

ಮೊದಲು ಹೋದದ್ದು ಬೆಟ್ಟದ ಮೇಲಿನ ದೇಗುಲಕ್ಕೆ. ಕೇಸರಿ ಬಣ್ಣದ ಬಾಗಿಲುಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾವಿರಾರು, ಅವುಗಳ ಕೆಳಗೇ ಹತ್ತಿಕೊಂಡು ಹೋಗಬೇಕು. ಬಾಗಿಲ ಬಳಿ ಕಲ್ಲಿನ ನರಿಗಳು. ಅತ್ತೆ ನಿಂತು ನೋಡಿ, "ನಮ್ಮ ಗಣಪತಿಗೆ ಇಲಿ ಇಲ್ಲವಾ, ಇವರ ದೇವರಿಗೆ ನರಿ" ಎಂದು ತೀರ್ಪು ಕೊಟ್ಟು ಮುಂದೆ ಹೋದರು. ಕೈತೊಳೆಯುವ ಕಲ್ಲುತೊಟ್ಟಿಯಲ್ಲಿ ಬಿದಿರಿನ ಸೌಟಿನಿಂದ ನೀರು ತೆಗೆದು ಮೂರು ಸಲ ಆಚಮನವನ್ನೇ ಮಾಡಿಬಿಟ್ಟರು. ಹಿಂದೆ ನಿಂತವರು ಮುಗುಳ್ನಗುತ್ತಾ ಕಾದರು. ದೇವರ ಮುಂದೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕೆಂದು ನಾನು ಓದಿಕೊಂಡಿದ್ದೆ. ಅಲ್ಲಿ ಅದು ಸರಿಹೋಯಿತು. ಆ ಉತ್ಸಾಹದಲ್ಲಿ ಮುಂದಿನ ಬೌದ್ಧ ಮಂದಿರದಲ್ಲೂ ಜೋರಾಗಿ ಚಪ್ಪಾಳೆ ತಟ್ಟಿದೆ. ಅಲ್ಲಿ ಯಾರೂ ತಟ್ಟುವುದಿಲ್ಲವಂತೆ. ಇಡೀ ಸಭಾಂಗಣ ನನ್ನತ್ತ ತಿರುಗಿತು. ಹೊರಗೆ ಬಂದ ಮೇಲೆ ಅತ್ತೆ ಹೇಳಿದರು: "ಗೊತ್ತಿಲ್ಲದ ಕಡೆ ಸುಮ್ಮನೆ ಕೈ ಮುಗಿಯೋದು ಒಳ್ಳೇದು ಕಣಮ್ಮ. ಕೈ ಮುಗಿದರೆ ಯಾವ ದೇವರೂ ಬೇಡ ಅನ್ನಲ್ಲ."

ಹೊಳೆದಂಡೆಯಲ್ಲಿ ಪುಳಿಯೋಗರೆ ತಿನ್ನುವ ಹೊತ್ತಿಗೆ ಎರಡು ಗಂಟೆ. ಏಳರಲ್ಲಿ ಎರಡೇ ಆಗಿದ್ದವು. ಮೂರನೆಯದು ಗುಡ್ಡದ ಅಂಚಿನಲ್ಲಿ ಮರದ ಕಂಬಗಳ ಮೇಲೆ ನಿಂತ ಹಳೆಯ ಮಂದಿರ. ನವೆಂಬರಾದ್ದರಿಂದ ಕೆಳಗಿನ ಮರಗಳೆಲ್ಲ ಕೆಂಪಾಗಿದ್ದವು. ಜನ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರು. ನಾನೂ ಮುಳುಗಿದ್ದೆ. ತಿರುಗಿ ನೋಡಿದರೆ ಅತ್ತೆ ಇಲ್ಲ.

ಹುಡುಕಿಕೊಂಡು ಹೋದಾಗ ಪಕ್ಕದ ದಾರಿಯ ಒಂದು ಇಳಿಜಾರಿನ ಮುಂದೆ ನಿಂತಿದ್ದರು. ಅಲ್ಲಿ ಮೊಣಕಾಲೆತ್ತರದ ಕಲ್ಲಿನ ಮೂರ್ತಿಗಳು, ನೂರಾರು. ಮಳೆಗೆ ಸವೆದು ಕೆಲವಕ್ಕೆ ಮುಖವೇ ಉಳಿದಿರಲಿಲ್ಲ. ಪ್ರತಿಯೊಂದರ ಕೊರಳಲ್ಲೂ ಕೆಂಪು ಜೊಲ್ಲಿನ ಬಟ್ಟೆ. ನನ್ನ ಅತ್ತೆಯ ವಯಸ್ಸಿನ ಒಬ್ಬ ಹೆಂಗಸು ಕೂತು ಹಳೆಯ ಬಟ್ಟೆಗಳನ್ನು ಬಿಚ್ಚಿ ಹೊಸದನ್ನು ಕಟ್ಟುತ್ತಿದ್ದಳು.

"ಇದೇನು ಅಂತ ಕೇಳು" ಅಂದರು ಅತ್ತೆ.

ನನ್ನ ಫೋನು ಜಪಾನಿ ಮಾತನ್ನು ಹಿಂದಿಯಲ್ಲಿ ಹೇಳುತ್ತಿತ್ತು. ಆಕೆ ಫೋನಿನ ಹತ್ತಿರ ಬಾಗಿ ನಿಧಾನವಾಗಿ ಮಾತಾಡಿದಳು. ಫೋನು ಅದನ್ನೇ ಹಿಂದಿಯಲ್ಲಿ ಒಪ್ಪಿಸಿತು: ಇವನು ಜಿಜೋ, ಮಕ್ಕಳ ದೇವರು. ಅಪ್ಪ ಅಮ್ಮನಿಗಿಂತ ಮೊದಲೇ ಸತ್ತ ಕೂಸುಗಳು ನದಿ ದಾಟಲಾಗದೆ ದಂಡೆಯಲ್ಲಿ ಕಲ್ಲು ಜೋಡಿಸುತ್ತಾ ಕೂತಿರುತ್ತವೆ. ಇವನು ಅವನ್ನು ತನ್ನ ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡು ಕಾಯುತ್ತಾನೆ.

ನಲವತ್ತು ವರ್ಷ ದೆಹಲಿಯಲ್ಲಿದ್ದ ಅತ್ತೆಗೆ ನಾನು ಕನ್ನಡದಲ್ಲಿ ಹೇಳುವ ಅಗತ್ಯವಿರಲಿಲ್ಲ. "ಹೊರಗಿನವರು ಕಟ್ಟಬಹುದಾ ಕೇಳು" ಅಂದರು. ಆ ಹೆಂಗಸು ಫೋನಿನ ಅನುವಾದಕ್ಕೂ ಕಾಯದೆ ಒಂದು ಹೊಸ ಬಟ್ಟೆ ತೆಗೆದು ಎರಡೂ ಕೈಯಿಂದ ಕೊಟ್ಟಳು.

ಅತ್ತೆ ಮಂಡಿನೋವಿದ್ದವರು, ನೆಲದ ಮೇಲೆ ಕೂರುತ್ತಲೇ ಇರಲಿಲ್ಲ. ಕೂತರು. ಮುಖ ಸವೆದ ಒಂದು ಮೂರ್ತಿಯ ಕೊರಳಿಗೆ ಬಟ್ಟೆ ಸುತ್ತಿ, ಗಂಟು ಬಿಗಿಯಾಗದಂತೆ ನಡುವೆ ಒಂದು ಬೆರಳಿಟ್ಟುಕೊಂಡು ಕಟ್ಟಿದರು.

"ಹನ್ನೊಂದು ತಿಂಗಳಾಗಿತ್ತು" ಅಂದರು, ನನ್ನ ಕಡೆ ನೋಡದೆ. "ಗೋಡೆ ಹಿಡ್ಕೊಂಡು ನಿಲ್ತಿದ್ದಳು. ಶಾರದೆ ಅಂತ. ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿದ್ದೆವು. ಮೂರು ದಿನ ಜ್ವರ, ಅಷ್ಟೇ."

ನಾನು ಪಕ್ಕದಲ್ಲಿ ಕೂತೆ.

"ಇನ್ನೊಂದು ಮಗು ಆಗಬೇಕು, ಇನ್ನು ಆ ಹೆಸರು ಎತ್ತಬೇಡ ಅಂದರು ನಮ್ಮತ್ತೆ. ಇವನು ಹುಟ್ಟಿದ. ಆಮೇಲೆ ಮನೆ ಬದಲಾಯಿಸಿದೆವು, ಅಕ್ಕಪಕ್ಕದವರೂ ಬೇರೆ. ನಿಮ್ಮ ಮಾವನೂ ನಾನೂ ಕೂಡ ಮಾತಾಡಿಕೊಳ್ಳಲಿಲ್ಲ. ಅವರು ಹೋಗಿಬಿಟ್ಟರು. ಈಗ ನನ್ನೊಬ್ಬಳಿಗೇ ಗೊತ್ತಿರೋದು. ನಾನೂ ಹೋದರೆ ಅವಳು ಹುಟ್ಟಿಯೇ ಇರಲಿಲ್ಲ ಅನ್ನೋ ಹಾಗೆ."

"ಇವರಿಗೂ ಗೊತ್ತಿಲ್ಲವಾ, ಅತ್ತೆ?"

"ಇಲ್ಲ. ನೀನು ಹೇಳಬೇಡ. ಹೇಳಿದರೆ ನಾನೇ ಹೇಳಬೇಕು."

ಉಳಿದ ನಾಲ್ಕು ದೇವಸ್ಥಾನ ನೋಡಲಿಲ್ಲ. ಕತ್ತಲಾಗುವವರೆಗೂ ಅಲ್ಲೇ ಕೂತು, ಶಾರದೆಗೆ ಮೊದಲ ಹಲ್ಲು ಬಂದದ್ದು, ಪಕ್ಕದ ಮನೆಯ ಪಂಜಾಬಿ ಅಜ್ಜಿಯ ಮೂಗುತಿ ಹಿಡಿದೆಳೆದದ್ದು, ಎಲ್ಲ ಕೇಳಿದೆ. ವಾಪಸು ರೈಲಿನಲ್ಲಿ ಅತ್ತೆ ನನ್ನ ಭುಜಕ್ಕೊರಗಿ ನಿದ್ದೆ ಹೋದರು. ಮನೆಯಲ್ಲಿ ಇವರು "ಏನೇನು ನೋಡಿದ್ರಿ?" ಅಂದಾಗ ಅತ್ತೆ, "ಮೆಟ್ಟಿಲು, ಬರೀ ಮೆಟ್ಟಿಲು" ಅಂದರು.

ಎಂಟು ವರ್ಷ ನಾನು ಬಾಯಿ ಬಿಡಲಿಲ್ಲ. ಗುಟ್ಟು ಕಾಯುವ ಜಾತಿಯವಳಲ್ಲ ನಾನು, ಆದರೂ ಇದೊಂದು ಉಳಿಯಿತು. ನಾವಿಬ್ಬರೇ ಇರುವ ಮಧ್ಯಾಹ್ನಗಳಲ್ಲಿ ಅತ್ತೆ ಒಮ್ಮೊಮ್ಮೆ "ಈಗ ಅವಳಿಗೆ ಇಷ್ಟಾಗಿರೋದು" ಎಂದು ವಯಸ್ಸು ಲೆಕ್ಕ ಹಾಕುತ್ತಿದ್ದರು. ಮಗ ಮನೆಗೆ ಬಂದರೆ ಮಾತು ಬದಲಾಗುತ್ತಿತ್ತು. ಯಾವಾಗ ಹೇಳುತ್ತೀರಿ ಎಂದು ನಾನೂ ಕೇಳಲಿಲ್ಲ.

ಇವತ್ತು ಬಾಲ್ಕನಿಯಲ್ಲಿ ನನ್ನನ್ನು ಎಚ್ಚರಿಸಿದ್ದು ಇವರ ಕೂಗು, "ಚಲೋ, ಡಾಕ್ಟರಿಗೆ ತಡವಾಗುತ್ತೆ." ಅತ್ತೆಯ ಮೂಳೆಗಳು ಸವೆಯುತ್ತಿವೆ. ಆರ್.ಕೆ.ಪುರಂನಲ್ಲಿ ಹೊಸ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ವಯಸ್ಸು, ಊಟ, ಬಿದ್ದದ್ದೇನಾದರೂ ಉಂಟಾ.

"ಬಚ್ಚೇ ಕಿತ್ನೇ, ಅಮ್ಮಾಜಿ?" ಮಕ್ಕಳೆಷ್ಟು ಎಂದು ಕೇಳಿದರು.

ಅಭ್ಯಾಸಬಲದಿಂದ ಇವರೇ "ಏಕ್" ಅಂದರು.

"ದೋ" ಅಂದರು ಅತ್ತೆ. "ಮೊದಲನೇದು ಹುಡುಗಿ. ಬರೆದುಕೊಳ್ಳಿ."

ಡಾಕ್ಟರು ಬರೆದುಕೊಂಡರು. ಇವರು ಅಮ್ಮನನ್ನು ನೋಡಿದರು, ಆಮೇಲೆ ನನ್ನನ್ನು. ನಾನು ತಲೆ ತಗ್ಗಿಸಿದೆ. ವಾಪಸು ಬರುವಾಗ ಕಾರು ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಇವರು ಕನ್ನಡಿಯಲ್ಲಿ ನೋಡುತ್ತಾ ಕೇಳಿದರು: "ನನಗೆ ಅಕ್ಕ ಇದ್ದಳಾ, ಅಮ್ಮ?"

"ಇದ್ದಳು ಕಣೋ" ಅಂದು ಅತ್ತೆ ಶುರುಮಾಡಿದರು. ನನಗೆ ಗೊತ್ತಿಲ್ಲದ ಸಂಗತಿಗಳೂ ಅದರಲ್ಲಿದ್ದವು. ಮನೆ ಬಂತು, ಇವರು ಎಂಜಿನ್ ಆರಿಸಿದರು. ಯಾರೂ ಇಳಿಯಲಿಲ್ಲ.